ಒಗ್ಗರಣೆಯ ಘಾಟು

ತೊಂಬತ್ತರ ದಶಕದಲ್ಲಿ ಡೊಂಬಿವಲಿಯ ನಮ್ಮ ಸಾಲುಮನೆಗಳ ಚಾಳಿನಲ್ಲಿ ಉಡುಪಿ ಕಡೆಯ ಮುದಿ ಅಡುಗೆಭಟ್ಟರೊಬ್ಬರಿದ್ದರು. ಹೋಟೆಲ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ, ಕೆಮ್ಮು ಬಂದಾಗಲೆಲ್ಲ ಹೆಗಲ ಮೇಲಿನ ಬೈರಾಸನ್ನು ಬಾಯಿಗೊತ್ತಿ, "ಎಂತ ಇಲ್ಲ ಮಾರಾಯ, ಒಗ್ಗರಣೆಯ ಘಾಟು" ಎನ್ನುತ್ತಿದ್ದರು.

ಟಿಬಿ ಎಂದು ಗೊತ್ತಾದರೆ ನಲ್ಲಿಯ ಬಳಿ ಕೊಡ ಇಡಲೂ ಬಿಡದ ಚಾಳು ಅದು. ಹಾಗಾಗಿ ಅರವತ್ತು ದಾಟಿದ ಅಮ್ಮನಿಗೆ ಆ ಕಾಯಿಲೆ ಬಂದಾಗ, ಹತ್ತಿರದ ದವಾಖಾನೆ ಬಿಟ್ಟು ಲೋಕಲ್ ರೈಲು ಹತ್ತಿಸಿ ಬದಲಾಪುರಕ್ಕೆ ಕರೆದೊಯ್ದೆ. "ಅಲ್ಲಿ ಗುರ್ತದವರು ಯಾರೂ ಇರೂದಿಲ್ಲ ಅಲ್ವಾ?" ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು.

ಅಲ್ಲಿನ ಟಿಬಿ ದವಾಖಾನೆಯ ಬೆಂಚಿನ ಮೇಲೆ ನಮ್ಮ ಭಟ್ಟರು ಕೂತಿದ್ದರು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭಟ್ಟರು ಸ್ವಲ್ಪ ಸರಿದು ಜಾಗ ಮಾಡಿದರು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ನಿಮಗೂ ಒಗ್ಗರಣೆಯ ಘಾಟಾ?"

"ಹೌದು ಭಟ್ರೇ, ಮೆಣಸು ಸ್ವಲ್ಪ ಜಾಸ್ತಿಯಾಯ್ತು," ಎನ್ನುತ್ತ ಅಮ್ಮ ಮುಖದ ಸೆರಗು ಸರಿಸಿದಳು.