ಮಹಡಿ ಮೇಲಿನ ಮಿಲಿಟರಿ ಸಂಸಾರ

ಕಾರ್ಗಿಲ್ ಯುದ್ಧದ ವರ್ಷ ನಮ್ಮ ಶಿಕಾರಿಪುರಕ್ಕೆ ದೇಶಭಕ್ತಿ ಬಂದದ್ದು ಟಿ.ವಿ. ಮೂಲಕ. ಅದಕ್ಕೆ ಮೊದಲು ಇರಲಿಲ್ಲವೆಂದಲ್ಲ. ಆಗಸ್ಟ್ ಹದಿನೈದರ ಬೆಳಿಗ್ಗೆ ಬಂದು, ಮಕ್ಕಳಿಗೆ ಪೆಪ್ಪರಮೆಂಟು ಹಂಚಿ, ಬಿಸಿಲೇರುವುದರೊಳಗೆ ಹೋಗಿಬಿಡುತ್ತಿತ್ತು. ಆ ಸಲ ಮಾತ್ರ ಊರಲ್ಲೇ ಉಳಿಯಿತು. ನಮ್ಮ ಮಾವನವರ ಬಟ್ಟೆ ಅಂಗಡಿಯಲ್ಲಿ ಕೇಸರಿ, ಬಿಳಿ, ಹಸಿರು ಥಾನುಗಳು ಖಾಲಿಯಾದವು. ಮಾವನವರಿಗೆ ದೇಶದ ಮೇಲಿನ ಪ್ರೀತಿ ಇನ್ನಷ್ಟು ಹೆಚ್ಚಾಯಿತು.

ನಾನು ಆ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ಬೀದಿಗೆ ಅಂಗಡಿ, ಅದರ ಹಿಂದೆ ಬಟ್ಟೆ ಗಂಟುಗಳ ಗೋಡೌನು, ಅದರ ಹಿಂದೆ ನಾವು. ಅಂಗಡಿಯ ಮೇಲೆ ಬಾಲ್ಕನಿ ಇದ್ದ ಒಂದು ಮಹಡಿ. ಬಾಡಿಗೆಯವರು ಬಿಟ್ಟುಹೋದ ಮೇಲೆ ಅದು ಪಾರಿವಾಳಗಳಿಗೆ ಸೇರಿತ್ತು.

ಆಗ ಪೇಪರಿನಲ್ಲಿ ಒಂದು ಸುದ್ದಿ ಬಂತು. ಸೊರಬ ತಾಲ್ಲೂಕು ಹೊಸಬಾಳೆಯ ಒಬ್ಬ ಸೈನಿಕ ಗಡಿಯಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು, ಎಡಗಾಲು ಮೊಣಕಾಲಿನ ಕೆಳಗೆ ಕಳೆದುಕೊಂಡು, ಪುಣೆಯ ಆಸ್ಪತ್ರೆಯಲ್ಲಿದ್ದ. ಅವನ ಹೆಂಡತಿ ಇಬ್ಬರು ಹೆಣ್ಣುಮಕ್ಕಳ ಜೊತೆ ನಮ್ಮ ತಾಲ್ಲೂಕಿನ ಅಂಜನಾಪುರದ ಹತ್ತಿರ ತವರಿನಲ್ಲಿದ್ದಳು. ತವರಿನವರು ಹೊಲದ ಜೊತೆ ಕುರಿ ಸಾಕಿದವರು. ಸುದ್ದಿಗೆಂದು ಹೋದ ವರದಿಗಾರ, ಬೆಳಕು ಚೆನ್ನಾಗಿದೆಯೆಂದು ಅವಳನ್ನೂ ಮಕ್ಕಳನ್ನೂ ಕುರಿಹಟ್ಟಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಮರುದಿನ ದಪ್ಪ ಅಕ್ಷರದಲ್ಲಿ, ಗಾಯಾಳು ಯೋಧನ ಕುಟುಂಬಕ್ಕೆ ಕುರಿಹಟ್ಟಿಯೇ ಗತಿ ಎಂದು ಬಂತು. ಕೆಂಪು ಗಾರೆ ನೆಲದ ಗಟ್ಟಿ ಹೆಂಚಿನ ಮನೆ ಫೋಟೋದ ಆಚೆಗೇ ಇತ್ತು. ಅವಳ ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು, ಆ ವರದಿಗಾರನನ್ನು ಬಹಳ ದಿನ ಹುಡುಕಿದನಂತೆ.

ಊರಿಗೆ ನಾಚಿಕೆಯಾಯಿತು. ನಾಚಿಕೆಯಾದವರು ನಮ್ಮ ಅಂಗಡಿಯಲ್ಲಿ ಸೇರಿ ಒಂದು ಸಮಿತಿ ಮಾಡಿದರು. ಅಷ್ಟರಲ್ಲಿ ಸೊರಬದಲ್ಲೂ ಒಂದು ಸಮಿತಿಯಾಗಿತ್ತು. ಅವರು ‘ನಮ್ಮ ತಾಲ್ಲೂಕಿನ ವೀರ’ ಎಂದರೆ ಇವರು ‘ನಮ್ಮೂರ ಮಗಳು’ ಎಂದರು. ಅದೇ ವೀರ ರಜೆಗೆ ಬಂದಾಗಲೆಲ್ಲ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿಣದ ಟ್ರಂಕು ಹೊತ್ತು ನಿಂತೇ ಇರುತ್ತಿದ್ದ, ಯಾರೂ ಬೆಂಚಿನ ಮೇಲೆ ಸರಿದು ಕೂತವರಲ್ಲ. ಈಗ ಸೊರಬದವರು ಊರ ಹೊರಗೆ ಒಂದು ಸೈಟಿನಲ್ಲಿ ಅವನ ಮನೆಗೆಂದು ಶಂಕುಸ್ಥಾಪನೆ ಮಾಡಿ, ಕಲ್ಲಿಗೆ ಅರಿಶಿನ ಬಳಿದು, ಫೋಟೋ ಹೊಡೆಸಿಕೊಂಡು ಮನೆಗೆ ಹೋದರು. ಕಲ್ಲು ಅಲ್ಲೇ ಉಳಿಯಿತು.

ಶಿಕಾರಿಪುರ ಗೆಲ್ಲಬೇಕಾದರೆ ಕಲ್ಲು ಸಾಲದು, ಸಿದ್ಧವಾದ ಮನೆಯೇ ಬೇಕು. ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮಾವನವರು ಕೈಯೆತ್ತಿ, ನಮ್ಮ ಮಹಡಿ ಇದೆಯಲ್ಲ ಎಂದರು. ಚಪ್ಪಾಳೆ ಬಿತ್ತು. ಅತ್ತೆಗೆ ಈ ಸುದ್ದಿ ಗೊತ್ತಾದದ್ದು ಮಾರನೆಯ ದಿನ, ಹಾಲು ಕೊಡುವವಳ ಬಾಯಿಂದ.

ಸೈನಿಕನ ಹೆಂಡತಿ ಬಂದ ದಿನ ಟೆಂಪೋಗೆ ಬಾವುಟ ಕಟ್ಟಿದ್ದರು. ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಅತ್ತೆ ಆರತಿ ಎತ್ತಿದರು, ಕರ್ಪೂರದ ವಾಸನೆ ಆರುವ ಮೊದಲೇ ಮಹಡಿಯಲ್ಲಿ ಮಾಂಸ ಮೊಟ್ಟೆ ಬೇಯಿಸಬಾರದೆಂದೂ ಹೇಳಿದರು. ಲಿಂಗ ಕಟ್ಟಿದವರ ಮನೆ, ಹೇಳಿದ್ದರಲ್ಲಿ ತಪ್ಪೇನು ಎಂದು ಬೀದಿಯೆಲ್ಲ ಒಪ್ಪಿತು. ಗಂಡ ದೇಶಕ್ಕೆ ಒಂದು ಕಾಲು ಕೊಟ್ಟಿದ್ದ. ಹೆಂಡತಿಗೆ ಒಂದು ಮೊಟ್ಟೆ ಬೇಯಿಸಿಕೊಳ್ಳುವಷ್ಟು ದೇಶ ಉಳಿದಿರಲಿಲ್ಲ.

ಆಮೇಲೆ ದರ್ಶನ ಶುರುವಾಯಿತು. ಶಾಲೆಯ ಮಕ್ಕಳು ಸಾಲಾಗಿ ಬಂದರು, ಮಹಿಳಾ ಮಂಡಳಿ ಬಂತು, ಭಜನೆಯವರು ಬಂದರು. ಬಂದವರೆಲ್ಲ ಏನಾದರೂ ತಂದರು, ಹೆಚ್ಚಿನವರು ತಂದದ್ದು ಗೋಡೆ ಗಡಿಯಾರ. ಗಡಿಯಾರದ ಮೇಲೆ ಕೊಟ್ಟವರ ಹೆಸರು ಬರೆಸಬಹುದಲ್ಲ. ಮಹಡಿಯ ಗೋಡೆ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅಡಿಗೆಗೆ ಮಾತ್ರ ಅವಳು ತವರಿನಿಂದ ತಂದ ಸೀಮೆಎಣ್ಣೆ ಸ್ಟೋವೇ ಗತಿ. ಯಾರಾದರೂ ಬಂದರೆ ಮಾವನವರು ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಕೂಗುತ್ತಿದ್ದರು. ಅವಳು ಬಾಲ್ಕನಿಗೆ ಬಂದು, ಕೈ ಮುಗಿದು, ಒಳಗೆ ಹೋಗಬೇಕು.

ಒಂದು ಮಧ್ಯಾಹ್ನ ನೀರಿಗೆಂದು ಇಳಿದವಳು ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು: “ಅಕ್ಕಾ, ಇವರೆಲ್ಲ ಬರದೇ ಇರೋ ದಿನ ಯಾವ್ದು ಅಂತ ಹೇಳ್ತೀರಾ? ತಲೆ ಮೇಲೆ ನೀರು ಹಾಕ್ಕೋಬೇಕು.”

ಫೋಟೋ ಇಲ್ಲದ ಸಹಾಯವೂ ಬಂತು, ಅದನ್ನು ಹೇಳದಿದ್ದರೆ ಪಾಪ. ಎದುರಿನ ಟೈಲರ್ ಮಕ್ಕಳಿಬ್ಬರಿಗೂ ಯೂನಿಫಾರಂ ಹೊಲಿದು, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದ. ಸಂತೆಗೆ ಬರುವ ಹಳ್ಳಿಯವರು ಕಾಯಿಪಲ್ಯೆ ಇಟ್ಟು ಹೋಗುತ್ತಿದ್ದರು. ಅವರ್ಯಾರನ್ನೂ ಸಮಿತಿಗೆ ಸೇರಿಸಿಕೊಂಡಿರಲಿಲ್ಲ.

ಆದರೆ ನಮ್ಮ ಮಹಡಿಗೆ ಹೋಗುವ ಮೆಟ್ಟಿಲು ಕಡಿದಾದದ್ದು, ನಡುವೆ ಒಂದು ತಿರುವು, ಹಿಡಿದುಕೊಳ್ಳಲು ಒಂದು ಹಗ್ಗ. ಎರಡು ಕಾಲಿದ್ದ ಸಮಿತಿಯವರೇ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಹತ್ತುವಾಗ ಯಾರಿಗೂ ಏನೂ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು. ಒಮ್ಮೆ ಮಾವನವರನ್ನು ಕೇಳಿಯೂ ಕೇಳಿದಳು. ಮಾವನವರು ನಕ್ಕು ಧೈರ್ಯ ಹೇಳಿದರು, “ಅವರು ಮಿಲಿಟರಿಯವರು ಕಣಮ್ಮ. ಹಿಮಾಲಯ ಹತ್ತಿದೋರಿಗೆ ನಮ್ಮ ಮೆಟ್ಲು ಯಾವ ಲೆಕ್ಕ?”

ಚಳಿಗಾಲ ಶುರುವಾಗುವ ಹೊತ್ತಿಗೆ ಅವಳ ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆಂದು ತಿಳಿಯಿತು. ಸಮಿತಿ ಒಂದು ಭಾನುವಾರ ಮೆರವಣಿಗೆ ಗೊತ್ತುಮಾಡಿತು. ಅವನು ಗುರುವಾರವೇ ಬಂದುಬಿಟ್ಟ. ನಾನು ಅಂಗಡಿಗೆ ಕಾಫಿ ತಂದಿದ್ದೆ. ಕಂಕುಳಲ್ಲಿ ಊರುಗೋಲು, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಕರಿಯ, ಬಡಕಲು ಮನುಷ್ಯ ಅಂಗಡಿಯ ಕಟ್ಟೆಯ ಮೇಲೆ ಕೂತ. ಅಂಗಡಿಯ ಗೋಡೆಯಲ್ಲಿ ಅವನದೇ ದೊಡ್ಡ ಫೋಟೋ ಇತ್ತು, ಹಾರ ಬೇರೆ ಹಾಕಿದ್ದರು. ಫೋಟೋದಲ್ಲಿ ಮೀಸೆ ಇತ್ತು, ಕೆನ್ನೆ ಇತ್ತು. ಮಾವನವರು, ಏನು ತೋರಿಸಲಿ, ಪಂಚೆಯೋ ಟವೆಲ್ಲೋ ಎಂದು ಕೇಳಿದರು.

ಅವನು ಹಾರ ಹಾಕಿದ ತನ್ನ ಫೋಟೋವನ್ನೇ ಸ್ವಲ್ಪ ಹೊತ್ತು ನೋಡಿದ. “ಏನೂ ಬೇಡ್ರಿ. ಮೇಲೆ ಇರೋರು ನಮ್ಮೋರು. ಒಂಚೂರು ಕೆಳಗೆ ಕರೀರಿ. ನನಗೆ ಹತ್ತಾಕೆ ಆಗಲ್ಲ.”

ನಾನೇ ಓಡಿದೆ. ಅವಳು ಇಳಿದು ಬಂದು ಎದುರಿಗೆ ನಿಂತಳು. ಅಳಲಿಲ್ಲ, ಅವನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ದೊಡ್ಡ ಮಗಳು ಹಿಂದೆ ಸರಿದಳು. ಚಿಕ್ಕದು ಪ್ಯಾಂಟಿನೊಳಗಿನ ಮರಗಾಲನ್ನು ತಟ್ಟಿ ನೋಡಿ, ಇದು ಯಾರದು ಎಂದಿತು. ಸರ್ಕಾರದ್ದು ಎಂದು ಅವನು ಹೇಳಿದ. ನನಗೆ ನಗು ಬಂತು, ನಗಲು ಮಾತ್ರ ಆಗಲಿಲ್ಲ. ಒಳಗೆ ಹೋಗಿಬಿಟ್ಟೆ.

ಸಮಿತಿಗೆ ಬೇರೆಯೇ ಚಿಂತೆ. ವೀರ ಈಗಾಗಲೇ ಊರಲ್ಲಿದ್ದರೆ ಭಾನುವಾರ ಸ್ವಾಗತಿಸುವುದು ಯಾರನ್ನು? ಬ್ಯಾಂಡಿನವರಿಗೆ ಹೇಳಿಯಾಗಿತ್ತು. ಮಾವನವರು ಬಹಳ ನಯವಾಗಿ, ಭಾನುವಾರದವರೆಗೆ ಹೆಂಡತಿಯ ತವರಿನಲ್ಲಿದ್ದು ಆಮೇಲೆ ಆಗಮಿಸಬಹುದೇ ಎಂದು ಅವನನ್ನೇ ಕೇಳಿದರು. ಅವನು ನಕ್ಕುಬಿಟ್ಟ, ಹಿಂದೆ ಹೋಗು ಮುಂದೆ ಬಾ ಅನ್ನಿಸಿಕೊಳ್ಳುವುದು ತನಗೆ ಹೊಸದಲ್ಲ ಎಂದ. ಅವಳು ನಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಗಂಡನ ಜೊತೆ ಆಟೋ ಹತ್ತಿದಳು.

ಭಾನುವಾರ ಅವನು ತೆರೆದ ಜೀಪಿನಲ್ಲಿ ಆಗಮಿಸಿದ. ನಮ್ಮ ಅಂಗಡಿಯ ಮುಂದೆಯೇ ವೇದಿಕೆ. ಸೊರಬದವರೂ ತಮ್ಮ ಬ್ಯಾನರ್ ಸಮೇತ ಬಂದಿದ್ದರು. ಬಿಸಿಲಲ್ಲಿ ಭಾಷಣದ ಮೇಲೆ ಭಾಷಣ. ಗಡಿಯಲ್ಲಿ ನಡೆದದ್ದನ್ನು ಅಲ್ಲಿಗೆ ಹೋದವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ವಿವರಿಸಿದರು. ಅವನು ಬೆವರುತ್ತ, ತೊಡೆ ನೀವಿಕೊಳ್ಳುತ್ತ ಕೂತಿದ್ದ. ಕೊನೆಗೆ ಯಾರಿಗೋ ಉತ್ಸಾಹ ಬಂದು, ವೀರಪತ್ನಿ ಎರಡು ಮಾತಾಡಲಿ ಎಂದರು. ಅವಳು ಒಲ್ಲೆನೆನ್ನಬಹುದೆಂದು ಎಲ್ಲರೂ ಅಂದುಕೊಂಡಿದ್ದೆವು. ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು.

“ಎಲ್ಲಾರಿಗೂ ಶರಣು. ಯಜಮಾನ್ರು ಮಹಡಿ ಕೊಟ್ರು, ಅದು ಭಾಳ ಚಂದ ಐತ್ರಿ. ಆದ್ರೆ ಇವರಿಗೆ ಹತ್ತಾಕೆ ಬರಲ್ಲ. ಕೆಳಗೆ ಬಟ್ಟೆ ಗೋಡೌನ್ ಐತಲ್ಲ, ಅದನ್ನ ನಮಗೆ ಕೊಡ್ರಿ. ಬಟ್ಟೆಗೆ ಏನು, ಅವು ಮೇಲಿದ್ರೂ ನಡಿತೈತಿ.”

ಮೊದಲು ಚಪ್ಪಾಳೆ ತಟ್ಟಿದವರು ಸೊರಬದವರು. ಶಿಕಾರಿಪುರದವರು ಸಿಕ್ಕಿಬಿದ್ದರೆಂಬ ಖುಷಿಗೆ ಕೈ ಕೆಂಪಾಗುವಷ್ಟು ತಟ್ಟಿದರು. ಮಾವನವರು ಎದ್ದು ನಿಂತು, ನಾನೂ ಅದನ್ನೇ ಹೇಳುವವನಿದ್ದೆ ಎಂದರು. ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಚಿವುಟಿದರು. ಅದು ಸಿಟ್ಟಿನದೋ ಖುಷಿಯದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ದಿನದಿಂದ ಬಟ್ಟೆ ಗಂಟುಗಳು ಮಹಡಿ ಹತ್ತಿದವು. ಗಿರಾಕಿ ಬೇರೆ ಬಣ್ಣ ಕೇಳಿದರೆ ಮಾವನವರೇ ಹಗ್ಗ ಹಿಡಿದು ಹತ್ತಿಳಿಯುವಂತಾಯಿತು. ಅವರು ಹಿಮಾಲಯದ ಮಾತು ಮತ್ತೆ ಎತ್ತಲಿಲ್ಲ. ಅವಳ ಅಣ್ಣಂದಿರು ಬಂದು ಗೋಡೌನಿನ ಗೋಡೆ ಒಡೆದು ಕಿಟಕಿ ಇಟ್ಟರು, ಓಣಿಯ ಕಡೆಗೆ ಬೇರೆ ಬಾಗಿಲು ತೆಗೆದರು. ಶಿವಮೊಗ್ಗದಿಂದ ಕೂರುವ ಕಮೋಡ್ ತಂದು ಕೂರಿಸಿದರು. ಸೈನಿಕನನ್ನು ನೋಡಲು ಬಂದವರಿಗಿಂತ ಅದನ್ನು ನೋಡಲು ಬಂದವರೇ ಹೆಚ್ಚು. ಮಂಡಿನೋವಿನ ಅತ್ತೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ಕೂತು ಬಂದರು. ಸಂಜೆ ನನ್ನ ಗಂಡನನ್ನು ಕರೆದು, ನಮ್ಮ ಮನೆಗೂ ಅಂಥದೊಂದು ಹಾಕಿಸು ಎಂದರು. ಓಣಿಯ ಬಾಗಿಲಾದ ಮೇಲೆ ಮೊಟ್ಟೆಯ ವಾಸನೆಯೂ ಬಂತು. ಅತ್ತೆ ಮೊದಮೊದಲು ಕಿಟಕಿ ಮುಚ್ಚುತ್ತಿದ್ದರು, ಸೆಕೆ ಶುರುವಾದ ಮೇಲೆ ಬಿಟ್ಟರು.

ಅವನು ಅಲ್ಲಿದ್ದಷ್ಟು ದಿನ ಬೀದಿಯ ರೇಡಿಯೋ, ಮಿಕ್ಸಿ ರಿಪೇರಿ ಮಾಡಿದ. ನೋವು ಹೆಚ್ಚಾದ ದಿನಗಳಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಬಾಗಿಲು ಹಾಕಿಕೊಳ್ಳುತ್ತಿದ್ದ. ಅಂಥ ದಿನ ಅವಳು ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಹೊಸಬಾಳೆಯಲ್ಲಿ ಅವನ ಅಣ್ಣ ಆಸ್ತಿಯ ಪಾಲು ಕೊಡಲು ಒಪ್ಪಿದ ಮೇಲೆ ಪೆನ್ಷನ್ನಿನ ಗಂಟಿನಲ್ಲಿ ಅಲ್ಲೇ ಮನೆ ಕಟ್ಟಿಸಿಕೊಂಡರು. ಗೃಹಪ್ರವೇಶಕ್ಕೆ ಕರೆಯದಿದ್ದರೂ ಸೊರಬದ ಸಮಿತಿ ಬಂತು. ತಮ್ಮ ಕೊಡುಗೆ ಎಂದು ಬರೆಸಿದ ಬೋರ್ಡು ತಂದು ಗೋಡೆಗೆ ಹೊಡೆಯಿತು. ನಾನು ಅವಳ ಮುಖ ನೋಡಿದೆ. ಅವಳು ಪಾಯಸ ಬಡಿಸುವುದರಲ್ಲಿದ್ದಳು. ಗಂಡ ಮಾತ್ರ, ಬಣ್ಣ ಅಗ್ಗದ್ದು, ಒಂದು ಮಳೆಗಾಲ ಬಾಳುವುದಿಲ್ಲ ಎಂದು ನನ್ನ ಗಂಡನ ಕಿವಿಯಲ್ಲಿ ಹೇಳಿದನಂತೆ.

ನಮ್ಮ ಮಾವನವರು ಬೋರ್ಡು ತರಲು ಮರೆತದ್ದಕ್ಕೆ ಪೆಚ್ಚಾಗಿ ಮನೆಯೆಲ್ಲ ಸುತ್ತಾಡಿದರು. ಎಲ್ಲ ಬಾಗಿಲೂ ಅಗಲ, ಯಾವುದಕ್ಕೂ ಹೊಸ್ತಿಲಿಲ್ಲ, ಅಂಗಳದಿಂದ ಹಿತ್ತಿಲವರೆಗೆ ಒಂದೇ ಸಮ ನೆಲ. ಹೊಸ್ತಿಲಿಲ್ಲದ ಮನೆ ಶಾಸ್ತ್ರಕ್ಕೆ ಕೂಡುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದರು. ಆಮೇಲೆ ಪಂಕ್ತಿಯಲ್ಲಿ ಕೂತು ಮತ್ತೆ ಮತ್ತೆ ಪಾಯಸ ಹಾಕಿಸಿಕೊಂಡರು.