ಕಣ್ಮುಚ್ಚಣ್ಣ ಕತ್ತಿ ಹಿಡಿದ ದಿನ

ಕಣ್ಮುಚ್ಚಣ್ಣ ಕಣ್ಣು ಮುಚ್ಚಿದನೆಂದರೆ ನಮ್ಮ ಹಳೇ ಸಾಮಾನಿನ ಬೀದಿಯಲ್ಲಿ ತಕ್ಕಡಿಗಳು ತೂಗುವುದನ್ನು ನಿಲ್ಲಿಸುತ್ತಿದ್ದವು, ಗಡಿಯಾರದಂಗಡಿಯ ಗಡಿಯಾರಗಳು ಉಸಿರು ಬಿಗಿಹಿಡಿಯುತ್ತಿದ್ದವು, ನೊಣಗಳು ಕೂಡ ಕೂತಲ್ಲೇ ಕೂತು ತೀರ್ಪಿಗೆ ಕಾಯುತ್ತಿದ್ದವು. ಬೀಗವಾಗಲಿ, ದೀಪವಾಗಲಿ, ಯಾವ ಹಳೆಯ ವಸ್ತು ಕೊಟ್ಟರೂ ಆತ ನೋಡುತ್ತಿರಲಿಲ್ಲ. ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಎರಡೇ ನಿಮಿಷದಲ್ಲಿ ಅದರ ಹುಟ್ಟು ಬೆಳವಣಿಗೆ ಹೇಳಿಬಿಡುತ್ತಿದ್ದ. ವಸ್ತುಗಳು ಅವನ ಕಿವಿಯಲ್ಲಿ ಪಿಸುಗುಡುತ್ತವೆ ಎಂದು ಬೀದಿ ನಂಬಿತ್ತು. ತಾಮ್ರದ ಕೆಟಲೊಂದು ಅವನೆದುರು ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ಕಂಡೆವೆಂದು ಆಣೆ ಮಾಡುವವರು ಈಗಲೂ ಇದ್ದಾರೆ. ಹೆಂಡತಿ ಮಾತ್ರ, ಮನೆಯ ಪೈಪು ಸೋರಿದರೂ ಇವರು ಹೀಗೇ ಕಣ್ಣು ಮುಚ್ಚುತ್ತಾರೆ ಎನ್ನುತ್ತಿದ್ದಳು.

ಇಂಥ ಮಹಾಪುರುಷನ ಅಂಗಡಿಗೆ ಒಂದು ಮಂಗಳವಾರ ಮಧ್ಯಾಹ್ನ ಎದುರು ಓಣಿಯ ಟೈಲರಮ್ಮ, ಹಳೆಯ ಪರದೆಯಲ್ಲಿ ಸುತ್ತಿದ ಕತ್ತಿಯೊಂದನ್ನು ತಂದಳು. ತೀರಿಹೋದ ಮಾವನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು. ಯಾರದು, ಯಾವ ಕಾಲದ್ದು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಹೊಲಿಗೆ ಯಂತ್ರ ಹತ್ತು ಹೊಲಿಗೆಗೊಮ್ಮೆ ಮುಷ್ಕರ ಹೂಡುತ್ತಿತ್ತು. ಕತ್ತಿ ಹೋದರೆ ಹೊಸ ಯಂತ್ರ ಬರುತ್ತದೆ. ಕೊಳ್ಳುವವನೂ ಬೆನ್ನಿಗೇ ಬಂದಿದ್ದ. ಮೂಲೆಯ ಹೋಟೆಲಿನ ಯಜಮಾನನಿಗೆ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೊಂದು ಕತ್ತಿ ಬೇಕಿತ್ತು. ಆದರೆ ಕೊಳ್ಳುವುದೇನಿದ್ದರೂ ಕಣ್ಮುಚ್ಚಣ್ಣ ಪರೀಕ್ಷೆ ಮಾಡಿ ಕೆಳಗಿಟ್ಟ ಮೇಲೆಯೇ.

ಬೀದಿಯ ಕಾನೂನು ಇಲ್ಲಿ ಹೇಳಬೇಕು. ಮಾರಲು ತಂದ ವಸ್ತುವನ್ನು ಯಾರು ಕೈಗೆತ್ತಿಕೊಂಡರೋ ಅವರು ಕೆಳಗಿಡುವ ತನಕ ಇನ್ನೊಬ್ಬ ಬೆಲೆ ಕೇಳುವಂತಿಲ್ಲ. ಬಾಗಿಲೆಳೆಯುವ ಹೊತ್ತಿಗೂ ಅದು ಕೈಯಲ್ಲೇ ಇದ್ದರೆ, ಮಾರುವವರು ಹೇಳಿದ ಬೆಲೆಗೆ ಕೊಂಡಂತೆಯೇ. ಮಂಗಳವಾರ ಬೀದಿ ಮೂರಕ್ಕೇ ಮುಚ್ಚುತ್ತದೆ. ಈ ಕಾನೂನು ಮಾಡಿದ್ದು ಬೇರೆ ಯಾರೂ ಅಲ್ಲ, ಕಣ್ಮುಚ್ಚಣ್ಣನ ಅಪ್ಪ.

ಕತ್ತಿಯ ಹಿಡಿಯ ಸುತ್ತ, ಬೆರಳು ಕಾಯಲೆಂದು, ಕಬ್ಬಿಣದ ಪಟ್ಟಿಗಳ ಗೂಡೊಂದಿತ್ತು. ಕಣ್ಮುಚ್ಚಣ್ಣ ಅದರೊಳಗೆ ಕೈ ತೂರಿಸಿದ. ಕೊಂಚ ಬಿಗಿಯೆನಿಸಿತು, ಒತ್ತಿದ, ಹೋಯಿತು. ಹಿಡಿ ಹಿಡಿದು ಕಣ್ಣು ಮುಚ್ಚಿದ. ಎರಡು ನಿಮಿಷ ಕಳೆದು ಕೈ ಎಳೆದ. ಹೆಬ್ಬೆರಳ ಬುಡ ಬರಲಿಲ್ಲ. ಇನ್ನೊಮ್ಮೆ ಎಳೆದ. ಬರುವುದಿರಲಿ, ಊದಿಕೊಂಡಿತು.

ಬೇರೆಯವನಾಗಿದ್ದರೆ ಅಯ್ಯೋ ಎನ್ನುತ್ತಿದ್ದ. ಕಣ್ಣು ಮುಚ್ಚಿ ಹೆಸರು ಗಳಿಸಿದವನಿಗೆ ಆ ಭಾಗ್ಯವೆಲ್ಲಿ? ಕಣ್ಣು ತೆರೆದರೆ ತೀರ್ಪು ಹೇಳಬೇಕು, ಹೇಳಿದರೆ ಕತ್ತಿ ಕೆಳಗಿಡಬೇಕು. ಹಾಗಾಗಿ ತೆರೆಯಲಿಲ್ಲ. ಅರ್ಧ ಗಂಟೆಯಾಯಿತು. ಜನ ಸೇರಿದರು. ಇದು ಸಾಮಾನ್ಯ ಕತ್ತಿಯಲ್ಲ, ಇಡೀ ಯುದ್ಧವನ್ನೇ ಒಪ್ಪಿಸುತ್ತಿದೆ ಎಂದ ಕ್ಷೌರಿಕ. ಹಣೆಯ ಮೇಲೆ ಬೆವರು ಮೂಡಿದಾಗ, ಸೇನೆ ಕೋಟೆ ಹತ್ತುತ್ತಿರಬೇಕು ಎಂದ ಬುಕ್ ಬೈಂಡರ್. ಹೋಟೆಲ್ ಯಜಮಾನ ಗೋಡೆಯ ಅಳತೆ ನೆನಪಿಸಿಕೊಳ್ಳುತ್ತ ಉಗುರು ಕಚ್ಚತೊಡಗಿದ. ಮುಚ್ಚಿದ ರೆಪ್ಪೆಗಳ ಒಳಗೆ ನಮ್ಮ ವೀರನಿಗೆ ಕಾಣುತ್ತಿದ್ದುದು ಒಂದೇ: ಪೈಪು ಬದಲಿಸಲೆಂದು ಹೆಂಡತಿ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು, ರೆಕ್ಕೆ ಕಟ್ಟಿಕೊಂಡು ಟೈಲರಮ್ಮನ ಮನೆಗೆ ಹಾರುತ್ತಿರುವುದು.

ಎರಡಕ್ಕೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಗಂಡನ ಮುಖ ನೋಡಿದಳು, ಕೈ ನೋಡಿದಳು, ಪಕ್ಕದಲ್ಲಿ ಕೂತು ಕಿವಿಯ ಬಳಿ ಬಗ್ಗಿದಳು.

“ಸಿಕ್ಕಿಹಾಕಿಕೊಂಡಿದೆ, ಅಲ್ವಾ?”

“ಹ್ಞೂಂ.”

“ಇಷ್ಟು ವರ್ಷದಲ್ಲಿ ನನ್ನ ಕೈ ಇಷ್ಟು ಹೊತ್ತು ಹಿಡಿದಿದ್ದಿಲ್ಲ ನೀವು.”

“ಆಮೇಲೆ ಬೈಯೇ. ಗಂಟೆ ಎಷ್ಟು?”

ಅವಳು ಎದ್ದು, ಕತ್ತಿಗೆ ಬೆಳಕು ಆಗಿಬರುತ್ತಿಲ್ಲವಂತೆ ಎಂದು ಸಭೆಗೆ ಗಂಭೀರವಾಗಿ ಸಾರಿದಳು. ಕತ್ತಿ ಸುತ್ತಿ ತಂದಿದ್ದ ಪರದೆಯನ್ನು, ಹಿಡಿಯೂ ಕೈಯೂ ಮುಚ್ಚುವಂತೆ, ಗಂಡನ ತೊಡೆಯ ಮೇಲೆ ಹರಡಿದಳು. ಸಭೆ ತಲೆದೂಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಟೈಲರಮ್ಮನನ್ನು ಹತ್ತಿರ ಕರೆದು ಪರದೆಯ ಅಂಚು ಎತ್ತಿ ತೋರಿಸಿದಳು.

ಟೈಲರಮ್ಮನಿಗೆ ಎಲ್ಲ ಅರ್ಥವಾಯಿತು. ಗಡಿಯಾರದ ಕಡೆಗೂ ನೋಡಿದಳು. ಮೂರರ ತನಕ ತೆಪ್ಪಗೆ ಕೂತಿದ್ದರೆ ಸಾಕು, ಹೊಸ ಯಂತ್ರ ಮನೆ ಸೇರುತ್ತಿತ್ತು. ಕೂತಿದ್ದಳು ಕೂಡ, ಐದು ನಿಮಿಷ, ಎರಡೂ ಕೈ ಮಡಿಲಲ್ಲಿಟ್ಟು. ಕೊನೆಗೆ ಟೈಲರಮ್ಮ ಚೀಲದಿಂದ ಇಲಾಸ್ಟಿಕ್ ಸುರುಳಿ ಮತ್ತು ಯಂತ್ರದೆಣ್ಣೆಯ ಪುಟ್ಟ ಡಬ್ಬಿ ತೆಗೆದಳು.

“ರವಿಕೆಯ ಬಿಗಿ ತೋಳಿಂದ ಕೈ ಬಿಡಿಸೋದು ನನಗೆ ದಿನದ ಕೆಲಸ ಅಣ್ಣ. ಮೊದಲು ಮುಷ್ಟಿ ಸಡಿಲ ಬಿಡಿ. ಯಾರ ಮೇಲೂ ಯುದ್ಧಕ್ಕೆ ಹೋಗ್ತಿಲ್ಲ ನೀವು.”

ಪಟ್ಟಿಗಳ ಸಂದಿಯಿಂದ ಇಲಾಸ್ಟಿಕ್ ತೂರಿಸಿ, ಊದಿದ ಕೈಗೆ ಒತ್ತೊತ್ತಾಗಿ ಸುತ್ತಿದಳು. ಕಾದಳು. ಊತ ಇಳಿದಂತೆ ಬಿಚ್ಚಿ, ಎಣ್ಣೆ ಬಿಟ್ಟು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ ತಿರುಗಿಸಿ ಎಳೆದಳು. ಅಂಗಡಿಗಳ ಬಾಗಿಲು ಒಂದೊಂದಾಗಿ ಸದ್ದು ಮಾಡತೊಡಗಿದ್ದವು. ಮೂರಕ್ಕೆ ನಾಲ್ಕು ನಿಮಿಷವಿದ್ದಾಗ ಕಣ್ಮುಚ್ಚಣ್ಣ ಕಣ್ಣು ತೆರೆದು ಕತ್ತಿಯನ್ನು ಮೇಜಿನ ಮೇಲಿಟ್ಟ.

ಇಟ್ಟನೋ ಇಲ್ಲವೋ, ಹೋಟೆಲ್ ಯಜಮಾನ ಹಸುಗೂಸನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿಕೊಂಡುಬಿಟ್ಟ. ಟೈಲರಮ್ಮ ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ತಲೆಯಾಡಿಸಿದ. ಬೀದಿಯೆಲ್ಲ ಕಿವಿಯಾಗಿ ನಿಂತಿತು. ಕ್ಷೌರಿಕ ಮುಂದೆ ಬಂದು ಕೇಳಿದ:

“ಕತ್ತಿ ಎರಡೂವರೆ ಗಂಟೆ ಮಾತಾಡಿದೆ ನಿಮ್ಮ ಹತ್ತಿರ. ಏನಂತು ಅಣ್ಣ? ಯಾರದಂತೆ ಇದು?”

ಕಣ್ಮುಚ್ಚಣ್ಣ ಕೈಯನ್ನು ತಿಕ್ಕಿಕೊಳ್ಳುತ್ತ ಊಟದ ಡಬ್ಬಿ ಬಿಚ್ಚಿದ.

“ಯಾರೋ ಗೊತ್ತಿಲ್ಲ. ನನಗಿಂತ ಸಣ್ಣ ಕೈಯವರದು.”