ಅಜ್ಜನ ಮೇಜಿನ ಪೆನ್ನು

ನಾನು ಚಿಕ್ಕವನಿದ್ದಾಗ ಸುಳ್ಯದ ನಮ್ಮ ಮನೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ನನ್ನ ಅಜ್ಜನ ಮೇಜಿನ ಪೆನ್ನುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಕರಿಕಲ್ಲಿನ ಪೀಠ, ಪೆನ್ನು ಸಿಕ್ಕಿಸಿಡುವ ಎರಡು ಹಿತ್ತಾಳೆ ಕೊಳವೆ, ಇಲಿಬಾಲದಂತೆ ಉದ್ದ ತುದಿಯ ಎರಡು ಪೆನ್ನು. ಒಂದು ನೀಲಿ ಶಾಯಿಗೆ, ಇನ್ನೊಂದು ಕೆಂಪಿಗೆ. ಯಾರೋ ಬಿಚ್ಚಿದವರು ಮತ್ತೆ ಜೋಡಿಸಿರಲಿಲ್ಲ.

ಆ ವರ್ಷ ಅಕ್ಕ ಹತ್ತನೆಯ ತರಗತಿ ಪಾಸಾಗಿದ್ದಳು. ಕಾಲೇಜಿನ ಅರ್ಜಿ ಹಿಡಿದು ಸಹಿಗಾಗಿ ಅಪ್ಪನ ಹಿಂದೆ ತಿರುಗುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಆ ಡಬ್ಬಿಯನ್ನು ಅವಳ ಮುಂದೆ ಸುರಿದರು.

“ಸಂಜೆಯೊಳಗೆ ಇದು ಬರೆಯುವ ಹಾಗೆ ಮಾಡು. ನಿನ್ನ ಅರ್ಜಿಗೆ ಇದರಲ್ಲೇ ಸಹಿ ಹಾಕ್ತೇನೆ,” ಎಂದರು. ಹೇಳುವಾಗ ನಗುತ್ತಿದ್ದರು. ಅಪ್ಪ ನಗುವುದು ಅಪರೂಪ, ಹಾಗಾಗಿ ನಾವು ನಂಬಿಬಿಟ್ಟೆವು.

ಅಕ್ಕ ಜಗಲಿಯಲ್ಲಿ ಬಿಳಿ ಪಂಚೆ ಹಾಸಿ ಕೂತಳು. ಒಣಗಿದ ಶಾಯಿಯನ್ನು ಉಗುರಿನಿಂದ ಕೆರೆದು, ಬಣ್ಣ ನೋಡಿ, ಯಾವ ತುಂಡು ಯಾವ ಪೆನ್ನಿನದೆಂದು ಬೇರೆ ಮಾಡಿದಳು. ತಣ್ಣೀರಿನ ಬಟ್ಟಲು ಮತ್ತೆ ಮತ್ತೆ ನೀಲಿಯಾಯಿತು, ನಾನು ಮತ್ತೆ ಮತ್ತೆ ಚೆಲ್ಲಿ ಬಂದೆ. ನಿಬ್ಬಿನ ಸೀಳಿನಲ್ಲಿ ಕಟ್ಟಿದ ಕೊಳೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ತಲೆಯಿಂದ ಒಂದು ಕೂದಲು ಕಿತ್ತು, ಸೀಳಿನೊಳಗೆ ತೂರಿಸಿ ಅತ್ತಿತ್ತ ಎಳೆದಳು. ಶಾಯಿ ಹಿಡಿಯುವ ರಬ್ಬರು ಚೀಲ ಪುಡಿಯಾಗಿತ್ತು, ಅದರ ಜಾಗಕ್ಕೆ ಸೈಕಲ್ಲಿನ ವಾಲ್ವಿನ ಸಣ್ಣ ರಬ್ಬರು ಟ್ಯೂಬು ಬಂತು. ಹಿತ್ತಾಳೆಗೆ ಹುಣಸೆಹುಳಿ, ಕಲ್ಲಿಗೆ ಅಂಟುವಾಳದ ನೊರೆ. ಊಟಕ್ಕೆ ಕರೆದರೂ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನೀಲಿ ಪೆನ್ನು ಅವಳ ಅಂಗೈ ಮೇಲೆ ನೀಟಾಗಿ ಒಂದು ಗೆರೆ ಎಳೆಯಿತು. ಅಕ್ಕ ಅಷ್ಟು ಸಂತೋಷಪಟ್ಟದ್ದನ್ನು ಆಮೇಲೆ ನಾನು ಕಂಡದ್ದಿಲ್ಲ.

ಸಂಜೆ ಅರಂತೋಡಿನಿಂದ ನೆಂಟರು ಬಂದರು. ಹೆಣ್ಣು ನೋಡಲು ಬಂದವರೆಂದು ಅಪ್ಪನಿಗೆ ಮಾತ್ರ ಗೊತ್ತಿತ್ತು. ಮೇಜಿನ ಮೇಲೆ ಪೆನ್ನು ಫಳಫಳ ಹೊಳೆಯುತ್ತಿತ್ತು. ಇದನ್ನು ಹುಡುಗಿಯೇ ತೊಳೆದು ಜೋಡಿಸಿದ್ದೆಂದು ಅಪ್ಪ ದೊಡ್ಡದಾಗಿ ವರ್ಣಿಸಿದರು. ಹುಡುಗನ ತಂದೆ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇಷ್ಟು ತಾಳ್ಮೆ ಉಂಟಲ್ಲ, ಸಾಕು ಮಾರಾಯ್ರೆ. ನಮಗೆ ಒಪ್ಪಿಗೆ,” ಎಂದರು.

ಅಪ್ಪ ಅದೇ ಪೆನ್ನಿನಲ್ಲಿ ಮದುವೆಯ ದಿನ ಬರೆದುಕೊಂಡರು. ಕಾಫಿ ತಂದಿದ್ದ ಅಕ್ಕ ಮೆಲ್ಲಗೆ ಅರ್ಜಿಯ ಸಹಿ ಕೇಳಿದಳು.

“ಪೆನ್ನು ಚಂದ ಬರೆಯುತ್ತದಲ್ಲ ಮಾರಾಯ್ತಿ, ಇನ್ನೆಂತ ಬೇಕು ನಿನಗೆ?” ಎಂದರು ಅಪ್ಪ. ನೆಂಟರೆಲ್ಲ ನಕ್ಕರು. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮಕ್ಕಳೇ, ನಿಮ್ಮ ಪೆನ್ನು ಖಾಲಿಯಾದರೆ ಬಿಸಾಡುತ್ತೀರಿ. ಯಾವ ಕಾಲೇಜು ಬೇಕೆಂದು ಅಪ್ಪ ಅಮ್ಮ ನಿಮ್ಮನ್ನೇ ಕೇಳುತ್ತಾರೆ, ಕೇಳಿದ್ದಕ್ಕೆ ನೀವು ಮುಖ ಊದಿಸಿಕೊಳ್ಳುತ್ತೀರಿ. ಮೊನ್ನೆ ನಿಮ್ಮಲ್ಲೊಬ್ಬಳು ನನ್ನ ಮೇಜಿನ ಈ ಪೆನ್ನು ಎತ್ತಿ, ಇದಕ್ಕೆ ನಿಬ್ಬೇ ಇಲ್ಲವಲ್ಲ ಅಜ್ಜ ಎಂದಳು. ಮದುವೆಯ ಬೆಳಿಗ್ಗೆ ಅಕ್ಕ ಆ ನಿಬ್ಬನ್ನು ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡದ್ದನ್ನು ನಾನು ನೋಡಿದ್ದೆ. ಅಪ್ಪ ಸಾಯುವವರೆಗೂ ಅದನ್ನು ಹುಡುಕಿದರು. ಹುಡುಕಲಿ ಎಂದು ನಾನು ಬಾಯಿ ಬಿಡಲಿಲ್ಲ.